ಬಾಗಿಲ ಕಿವಿ

"ಮಾವ, ಹೆಬ್ಬೆರಳು," ಎಂದೆ.

ಮಾವ ಮೊಬೈಲಿನ ಕ್ಯಾಮೆರಾ ಮೇಲಿಂದ ಹೆಬ್ಬೆರಳು ಸರಿಸಿದರು. ಸ್ವಲ್ಪ ಹೊತ್ತಿಗೆ ಅದು ಮತ್ತೆ ಅಲ್ಲೇ ಹೋಗಿ ಕೂತಿತು. ಇವರು ಅಮ್ಮನ ಅಣ್ಣ. ಪೊಲೀಸ್ ಸ್ಟೇಷನ್ನಿನಲ್ಲಿ ರೈಟರ್ ಆಗಿ ಜೀವಮಾನವಿಡೀ ಕಳ್ಳರ ಹೇಳಿಕೆ ಬರೆದುಕೊಂಡವರು. ಅಂಥವರಿಗೆ ಒಂದು ವಿಡಿಯೋ ನೆಟ್ಟಗೆ ಹಿಡಿಯಲು ಬರುವುದಿಲ್ಲ ಅಂದರೆ ಯಾರಾದರೂ ನಂಬುತ್ತಾರೆಯೇ? ನಾನು ನಂಬಿದ್ದೆ.

ವಾಪಸ್ಸು ಬಂದ ಡಬ್ಬವನ್ನು ವಿಡಿಯೋ ಇಲ್ಲದೆ ತೆರೆಯಬಾರದು. ಹಳೆಯ ಸಾಮಾನನ್ನು ಆನ್‌ಲೈನಿನಲ್ಲಿ ಮಾರುವ ನಮ್ಮಂಥವರಿಗೆ ಇದು ಹಲ್ಲುಜ್ಜಿದಷ್ಟೇ ಅಭ್ಯಾಸ. ಒಳ್ಳೆಯದನ್ನು ತಾವಿಟ್ಟುಕೊಂಡು ಕೆಟ್ಟದ್ದನ್ನು ವಾಪಸ್ಸು ತುರುಕುವವರಿದ್ದಾರೆ, ಡಬ್ಬದ ತೂಕಕ್ಕೆಂದು ಇಟ್ಟಿಗೆ ಚೂರು ತುಂಬುವ ಮಹಾನುಭಾವರೂ ಇದ್ದಾರೆ. ಸೈಟಿನವರು ಯಾವತ್ತಿಗೂ ಕೊಳ್ಳುವವರ ಕಡೆಗೇ. ಹಾಗಾಗಿ ಅಂಟುಪಟ್ಟಿಗೆ ಬ್ಲೇಡು ತಾಗುವ ಮೊದಲೇ ಕ್ಯಾಮೆರಾ ಚಾಲೂ ಆಗಿರಬೇಕು.

ಈ ಡಬ್ಬ ಕಳಿಸಿದವರಿಗೆ ನಾನಿಟ್ಟ ಹೆಸರು 'ಮತ್ತೊಂದು ಫೋಟೋ'. ಸೈಕಲ್ ಹೊಡೆಯುವ ತಗಡಿನ ಕರಡಿಯನ್ನು ಮಾರಾಟಕ್ಕೆ ಹಾಕಿದ ಗಳಿಗೆಯಿಂದ ನನ್ನ ತಲೆ ತಿನ್ನಲು ಶುರುಮಾಡಿದ್ದರು. ಮುಂದಿನಿಂದ ಒಂದು ಫೋಟೋ, ಹಿಂದಿನಿಂದ ಒಂದು, ಹೊಟ್ಟೆಯ ಅಡಿಯಿಂದ ಒಂದು. ಬಿಸಿಲಲ್ಲಿ ತೆಗೆದರೆ ಬಣ್ಣ ಬಿಳಿಚಿದೆ ಎಂದರು, ನೆರಳಲ್ಲಿ ತೆಗೆದರೆ ತುಕ್ಕು ಮುಚ್ಚಿಟ್ಟಿದ್ದೀರಿ ಎಂದರು. ಪ್ರತಿ ಮೆಸೇಜಿನ ಕೊನೆಗೂ ಅದೇ ಪಲ್ಲವಿ, ಮತ್ತೊಂದು ಫೋಟೋ ದಯವಿಟ್ಟು.

ಕೊಂಡರು. ಕೊಂಡ ಮೇಲಾದರೂ ಸುಮ್ಮನಿದ್ದರೇ? ಇಲ್ಲ. ಒಂದು ದೂರು ಜಡಿದರು. 'ಒಳಗಿನ ಸ್ಪ್ರಿಂಗ್ ಮೂಲದ್ದಲ್ಲ, ಗಡಿಯಾರದ್ದು. ವಾಪಸ್ಸು ಕಳಿಸುತ್ತಿದ್ದೇನೆ.'

ಬೇರೆ ಮಾರಾಟಗಾರರಾಗಿದ್ದರೆ ಪಿತ್ತ ನೆತ್ತಿಗೇರುತ್ತಿತ್ತು. ನನಗೆ ಎದೆ ಧಸಕ್ಕೆಂದಿತು. ಬಿಚ್ಚದೆ ಒಳಗಿನ ಸ್ಪ್ರಿಂಗ್ ಯಾವುದೆಂದು ಯಾರಿಗೂ ಗೊತ್ತಾಗುವುದಿಲ್ಲ. ಅಂದರೆ ಆ ಕರಡಿಯನ್ನು ಯಾರೋ ಬಿಚ್ಚಿದ್ದಾರೆ.

ನನ್ನ ವ್ಯಾಪಾರದ ಗುಟ್ಟು ಇರುವುದು ಇಲ್ಲೇ. ನಾನು ಕೆಟ್ಟುಹೋದ ಆಟಿಕೆಗಳನ್ನಷ್ಟೇ ಮಾರುತ್ತೇನೆ. ಅಪ್ಪ ಬಿಟ್ಟುಹೋದ ರಿಪೇರಿ ಅಂಗಡಿಯ ಕಪಾಟು ತುಂಬ ಅವೇ. ರಿಪೇರಿ ನನಗೂ ಬರುತ್ತದೆ, ಬೇಕೆಂದೇ ಮಾಡುವುದಿಲ್ಲ. ಕೆಟ್ಟದ್ದನ್ನು ಕೊಂಡವರು ಅದನ್ನು ಯಾರದಾದರೂ ಮೇಜಿಗೆ ಒಯ್ಯಲೇಬೇಕು. ತಗಡಿನ ಆಟಿಕೆಯನ್ನು ಮುರಿಯದಂತೆ ಬಿಚ್ಚಿ ಮುಚ್ಚುವವರು ಈಗ ಎಷ್ಟು ಜನ ಉಳಿದಿದ್ದಾರು? ಇವತ್ತಲ್ಲ ನಾಳೆ ಒಂದು ಆಟಿಕೆ ಅಕ್ಕನ ಮೇಜಿಗೆ ಹೋಗಿಯೇ ಹೋಗುತ್ತದೆ ಎಂಬ ಆಸೆಯ ಮೇಲೆ ನಡೆಯುತ್ತಿರುವ ಅಂಗಡಿ ಇದು.

ಅಪ್ಪ ತೀರಿಕೊಂಡ ಕೆಲವು ತಿಂಗಳಿಗೆ, ಒಂದು ಬೆಳಿಗ್ಗೆ, ಅಕ್ಕ ತನ್ನ ಸಣ್ಣ ಇಕ್ಕಳವೊಂದನ್ನು ತೆಗೆದುಕೊಂಡು ಮನೆಯಿಂದ ಹೋದಳು. ತಿರುಗಿ ಬರಲಿಲ್ಲ. ದೂರು ಬರೆದುಕೊಂಡವರು ಮಾವನೇ. ದೊಡ್ಡ ಹೆಣ್ಣುಮಗಳು, ತಾನಾಗಿ ಹೋಗಿದ್ದಾಳೆ, ನಾವೇನು ಮಾಡೋಣ ಎಂದು ಸ್ಟೇಷನ್ನಿನವರು ಕೈತೊಳೆದುಕೊಂಡರು. ವರ್ಷಗಳಾದವು. ಅಮ್ಮ ಅವಳ ಮಾತನ್ನೇ ಎತ್ತುವುದಿಲ್ಲ. ಅಂಗಡಿಯಲ್ಲಿ ಅಕ್ಕ ಕೂರುತ್ತಿದ್ದ ಸ್ಟೂಲನ್ನು ಯಾರಾದರೂ ಜರುಗಿಸಿದರೆ ಮಾತ್ರ ಸಿಡುಕುತ್ತಾಳೆ.

ನನ್ನ ಈ ಗಾಳದ ಕಥೆ ಮಾವನೊಬ್ಬರಿಗೆ ಗೊತ್ತು. ಅಮ್ಮನಿಗೆ ಹೇಳಿಲ್ಲ. ಆಸೆ ಹುಟ್ಟಿಸಿ ಆಮೇಲೆ ಇಲ್ಲ ಅನ್ನುವುದಕ್ಕಿಂತ ಬಾಯಿಮುಚ್ಚಿಕೊಂಡಿರುವುದು ವಾಸಿ ಎಂದುಕೊಂಡಿದ್ದೆ. ಅವಳ ಮಟ್ಟಿಗೆ ಇದು ಬರೀ ವ್ಯಾಪಾರ. ಕಿರಿಕಿರಿಯ ಗಿರಾಕಿಗಳನ್ನು ಕಟ್ಟಿಕೊಂಡು ನನ್ನ ಮಗಳು ಯಾಕೆ ಹೀಗೆ ಒದ್ದಾಡುತ್ತಾಳೋ ಎಂದು ಅವಳು ಗೊಣಗಿದಾಗಲೆಲ್ಲ ನಾನು ನಕ್ಕು ಸುಮ್ಮನಾಗುತ್ತೇನೆ. ಕಿರಿಕಿರಿ ಮಾಡುವವರೆಂದರೆ ನನಗೆ ಒಳಗೊಳಗೇ ಪ್ರೀತಿ. ತೆಪ್ಪಗೆ ಕೊಂಡವರಿಂದ ನನಗೆ ಏನೂ ತಿಳಿಯುವುದಿಲ್ಲ. ಒಳಗೆ ಇದಿಲ್ಲ ಅದಿಲ್ಲ ಎಂದು ಜಗಳ ಕಾಯುವವರು ಮಾತ್ರ ಒಳಗೆ ನೋಡಿದವರು.

ಅಂಟುಪಟ್ಟಿ ಕತ್ತರಿಸಿದೆ. ಕಾಗದದ ಚೂರುಗಳ ನಡುವೆ ಕರಡಿ ಮಲಗಿತ್ತು. ಅದೇ ಕರಡಿ. ಎಡಗಡೆಯ ಮಂಡಿಯ ಮೇಲೆ ಅಪ್ಪ ತೀಡಿದ್ದ ಕಂದು ಬಣ್ಣ ಹಾಗೇ ಇತ್ತು.

ಬೋರಲು ಹಾಕಿದೆ. ಕಿವಿಗಳನ್ನು ನೋಡಿದೆ.

ತಗಡಿನ ಆಟಿಕೆಗೆ ಸ್ಕ್ರೂ ಇರುವುದಿಲ್ಲ. ಎರಡು ಅರ್ಧಗಳಿರುತ್ತವೆ. ಒಂದರ ಅಂಚಿಗೆ ಸಣ್ಣ ಸಣ್ಣ ನಾಲಿಗೆಗಳು, ಇನ್ನೊಂದಕ್ಕೆ ಸೀಳುಗಳು. ನಾಲಿಗೆಯನ್ನು ಸೀಳಿನಲ್ಲಿ ತೂರಿಸಿ ಮಡಚಿದರೆ ಆಟಿಕೆ ಮುಚ್ಚಿದಂತೆ. ನಮ್ಮ ಅಂಗಡಿಯಲ್ಲಿ ಅವನ್ನು ಕಿವಿ ಅನ್ನುತ್ತಿದ್ದೆವು. ಎತ್ತಿ ಮಡಚಿ, ಎತ್ತಿ ಮಡಚಿ ಮಾಡಿದರೆ ಕಿವಿ ಮುರಿದೇ ಹೋಗುತ್ತದೆ. ಅದಕ್ಕೆ ಅಪ್ಪ ಎಲ್ಲವನ್ನೂ ಮಟ್ಟಸವಾಗಿ ಮಡಚಿ, ಕೊನೆಯದೊಂದನ್ನು ಮಾತ್ರ ಅರ್ಧಕ್ಕೇ ಬಿಡುತ್ತಿದ್ದ. ಮುಂದೆ ಬಿಚ್ಚುವವರು ಅಲ್ಲಿಂದಲೇ ಶುರುಮಾಡಲಿ, ಉಳಿದ ಕಿವಿಗಳನ್ನು ಸುಮ್ಮಸುಮ್ಮನೆ ಕೆದಕದಿರಲಿ ಅಂತ. ಅದರ ಹೆಸರು ಬಾಗಿಲ ಕಿವಿ. ಬೇರೆ ಯಾವ ಅಂಗಡಿಯಲ್ಲೂ ಈ ಪದ್ಧತಿಯನ್ನು ನಾನು ಕಂಡಿಲ್ಲ.

ಅಪ್ಪನ ಬಾಗಿಲು ಯಾವತ್ತೂ ಬಾಲದ ಹತ್ತಿರ. ಅಕ್ಕನದು ಹಾಗಲ್ಲ. ಅವಳು ಎಡಗೈಯವಳು. ಆಟಿಕೆಯನ್ನು ತಿರುಗಾಮುರುಗಾ ಹಿಡಿದು ಬಾಲದಿಂದ ಮಡಚುತ್ತಾ ಬಂದು ಕತ್ತಿನ ಹತ್ತಿರ ಬಾಗಿಲು ಬಿಡುತ್ತಿದ್ದಳು. ಅದು ತಪ್ಪು. ಕತ್ತಿನ ಕಿವಿ ಸಡಿಲವಾದರೆ ಆಟಿಕೆ ಓಡುವಾಗ ತಲೆ ಅಲ್ಲಾಡುತ್ತದೆ. ಅಕ್ಕ ರಿಪೇರಿ ಮಾಡಿದ ನಾಯಿ, ಕುದುರೆ, ಕರಡಿಗಳೆಲ್ಲ ಯಾರೋ ಏನೋ ಕೇಳಿದ್ದಕ್ಕೆ 'ಇಲ್ಲ, ಇಲ್ಲ' ಅನ್ನುವ ಹಾಗೆ ತಲೆಯಾಡಿಸುತ್ತಾ ಓಡುತ್ತಿದ್ದವು. ಅಪ್ಪ ಬೈದು ಬೈದು ಸುಸ್ತಾದ. ಕೊನೆಗೆ, ಇರಲಿ ಬಿಡು, ಇವಳ ಕೈಗೆ ಬಂದದ್ದಕ್ಕೆಲ್ಲ ಇವಳದೇ ಹಟ ಬರುತ್ತದೆ ಎಂದು ನಗಲು ಶುರುಮಾಡಿದ.

ಈಗ ಬಾಲದ ಕಿವಿ ಮಟ್ಟಸವಾಗಿತ್ತು. ಕತ್ತಿನ ಕಿವಿ ಅರ್ಧಕ್ಕೆ ನಿಂತಿತ್ತು.

ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಇಷ್ಟು ವರ್ಷ ಕಾದವರಿಗೆ ಬಯಸಿದ್ದೇ ಕಾಣುತ್ತದೆ ಎಂದು ನನಗೂ ಗೊತ್ತು. ಹಳೆಯ ಫೋಟೋಗಳನ್ನು ತೆಗೆದೆ. 'ಮತ್ತೊಂದು ಫೋಟೋ' ಪುಣ್ಯದಿಂದ ಕರಡಿಯ ಹೊಟ್ಟೆಯಡಿಯದೇ ಬಿಸಿಲಿನದು, ನೆರಳಿನದು, ಓರೆಯದು, ಹತ್ತಿರದ್ದು ಎಲ್ಲಾ ಇದ್ದವು. ಎಲ್ಲದರಲ್ಲೂ ಬಾಗಿಲು ಬಾಲದ ಹತ್ತಿರವೇ. ಯಾವ ಗಿರಾಕಿಗೂ ಮನಸಾರೆ ಥ್ಯಾಂಕ್ಸ್ ಹೇಳಬೇಕೆನಿಸಿದ್ದು ಅದೇ ಮೊದಲು.

ಕೀಲಿ ಕೊಟ್ಟೆ. ಇದು ಓಡದ ಕರಡಿ. ಸ್ಪ್ರಿಂಗ್ ಮುರಿದು ಕೀಲಿ ಸುಮ್ಮನೆ ತಿರುಗುತ್ತದೆ ಎಂದು ಬರೆದೇ ಮಾರಿದ್ದೆ. ಈಗ ಕೀಲಿ ಬಿಗಿಯಾಗಿ ತಿರುಗಿತು. ಮೇಜಿನ ಮೇಲೆ ಬಿಟ್ಟೆ. ಕರಡಿ ಗರಗರ ಸದ್ದು ಮಾಡುತ್ತಾ ಸೈಕಲ್ ತುಳಿಯಿತು, ಬ್ಲೇಡು ದಾಟಿತು, ಅಂಟುಪಟ್ಟಿಯ ಸುರುಳಿಗೆ ಬಡಿದು ತಿರುಗಿತು. ತಲೆ ಅತ್ತಿತ್ತ ಆಡುತ್ತಿತ್ತು. ಇಲ್ಲ, ಇಲ್ಲ, ಇಲ್ಲ.

ನನಗೆ ಅಳು ಬಂತು. ಬದುಕಿದ್ದಾಳೆ. ಎಲ್ಲೋ ಒಂದು ಮೇಜಿನ ಮುಂದೆ ಕೂತು ಈ ಕರಡಿಯ ಹೊಟ್ಟೆಯ ಮೇಲೆ ಬೆರಳಿಟ್ಟಿದ್ದಾಳೆ. ಅವಳ ಬೆರಳಿನ ಬಿಸಿ ಇನ್ನೂ ಅಲ್ಲಿ ಇದೆಯೋ ಎಂದು ನಾನು ಪೆದ್ದಿಯ ಹಾಗೆ ತಗಡನ್ನು ಮುಟ್ಟಿ ನೋಡಿದೆ.

ಸದ್ದಿಗೆ ಅಮ್ಮ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಬಂದಳು. ಬಾಗಿಲಲ್ಲಿ ನಿಂತು, ಕರಡಿ ನಿಲ್ಲುವ ತನಕ ನೋಡಿದಳು.

"ಓಡ್ತಿದೆಯಲ್ಲ," ಎಂದಳು. ಒಳಗೆ ಹೋದಳು. ಬಹಳ ಹೊತ್ತು ನಲ್ಲಿ ಸುರಿಯುತ್ತಲೇ ಇತ್ತು.

ವಿಡಿಯೋ ನೋಡಿದರೆ ಅಲ್ಲಿ ಇದ್ದದ್ದು ಮಾವನ ಹೆಬ್ಬೆರಳು ಮಾತ್ರ. ಕರಡಿಯನ್ನು ಬೋರಲು ಹಾಕಿದ ಕ್ಷಣದಿಂದ ಪರದೆಯ ತುಂಬ ಕೆಂಪು. ಹೋಗಲಿ, ಇನ್ನು ಅದರಿಂದ ಆಗಬೇಕಾದ್ದೂ ಇರಲಿಲ್ಲ. ಡಬ್ಬದ ಮೇಲೆ ಕಳಿಸಿದವರ ವಿಳಾಸ ಇತ್ತು. ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಬರಬಹುದಾದ ಊರು.

ಮಾವ ಬೇಡವೆಂದರು. ಕೋಪದ ಗಿರಾಕಿಯ ಮನೆಗೆ ಹೋಗುವುದು ಸರಿಯಲ್ಲ ಎಂದರು, ದುಡ್ಡು ವಾಪಸ್ಸು ಕೊಟ್ಟು ಕೈತೊಳೆದುಕೋ ಎಂದರು, ಎಡಗೈಯವರು ಲೋಕದಲ್ಲಿ ನಿನ್ನಕ್ಕ ಒಬ್ಬಳೇನಾ ಎಂದು ಕೇಳಿದರು. ನಾನು ಚಪ್ಪಲಿ ಮೆಟ್ಟಿದ ಮೇಲೆ, ಒಬ್ಬಳನ್ನೇ ಕಳಿಸಲಾರೆ ಎಂದು ಗೊಣಗುತ್ತಾ ಹಿಂದೆ ಬಂದರು. ಅಮ್ಮನಿಗೆ ಬಾಗಿಲಿಂದಲೇ ಕೂಗಿ ಹೇಳಿದೆ, ಕರಡಿಯ ವಿಷಯಕ್ಕೆ ಗಿರಾಕಿಯ ಹತ್ತಿರ ಜಗಳ ಇದೆ, ಸಂಜೆಗೆ ಬರುತ್ತೇವೆ ಎಂದು.

ಬಸ್ಸಿನ ಕಿಟಕಿಯಲ್ಲಿ ದಾರಿಯುದ್ದಕ್ಕೂ ನಾನು ಅಕ್ಕನನ್ನೇ ಹುಡುಕಿದೆ. ಹಗ್ಗದ ಮೇಲೆ ಬಟ್ಟೆ ಹರವುವ ಹೆಂಗಸು, ತಕ್ಕಡಿಯ ಮುಂದೆ ನಿಂತ ಹೆಂಗಸು, ಎಲ್ಲರೂ ಹಿಂದಿನಿಂದ ಅವಳೇ. ಅವಳಿಗೆ ಈಗ ಕೂದಲು ನರೆತಿರಬಹುದೇ? ಸಿಕ್ಕರೆ ಮೊದಲ ಮಾತು ಏನು ಆಡಬೇಕು? ಬೈಯಬೇಕೆಂದು ಎಷ್ಟೋ ಸಲ ಮನಸ್ಸಿನಲ್ಲೇ ಮಾತು ಜೋಡಿಸಿ ಇಟ್ಟುಕೊಂಡಿದ್ದೆ. ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ.

ಬಸ್ಸಿಳಿದು ದಾರಿ ನೋಡಲೆಂದು ನಾನು ಮೊಬೈಲು ತೆಗೆಯುವಷ್ಟರಲ್ಲಿ ಮಾವ ರಸ್ತೆ ದಾಟಿ, ಔಷಧಿ ಅಂಗಡಿಯ ಪಕ್ಕದ ಓಣಿಗೆ ತಿರುಗಿಯಾಗಿತ್ತು. ಓಡಿ ಹೋಗಿ ಜತೆಯಾದೆ. ದಾರಿ ಹೇಗೆ ಗೊತ್ತಾಯಿತೆಂದರೆ ಪೊಲೀಸ್ ಮೂಗು ಕಣಮ್ಮ ಎಂದರು. ನಾನು ನಕ್ಕೆ. ಮಹಡಿಯ ಮೆಟ್ಟಿಲ ಹತ್ತಿರ ಮಾತ್ರ ಮಂಡಿನೋವೆಂದರು. ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತಿರುತ್ತೇನೆ, ನೀನೇ ಮಾತಾಡಿ ಬಾ ಎಂದರು.

ಮೇಲೆ ಕನ್ನಡಕದ ಅಂಗಡಿ. ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಾಗುತ್ತಾ ಹೋಗುವ ಅಕ್ಷರಗಳ ಹಲಗೆ, ಅದರೆದುರು ಒಂದು ಎತ್ತರದ ಕುರ್ಚಿ. ಕೌಂಟರಿನ ಹಿಂದೆ ದಾರ ಕಟ್ಟಿದ ಕನ್ನಡಕ ಹಾಕಿಕೊಂಡ ಸಣಕಲು ಮನುಷ್ಯ. ಅವರು ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಡಬ್ಬ ನೋಡಿದರು. ಅದರ ಮೇಲಿನ ಅಕ್ಷರ ಅವರದೇ.

"ಏನಿದ್ದರೂ ಸೈಟಿನಲ್ಲಿ ಮಾತಾಡಿ," ಎಂದರು. "ಮನೆ ಬಾಗಿಲಿಗೆ ಬರೋ ಪದ್ಧತಿ ಇಲ್ಲ."

"ಬಿಚ್ಚಿ ವಾಪಸ್ ಕಳಿಸೋ ಪದ್ಧತಿ ಇದೆಯಾ?" ಎಂದೆ.

ಬಿಚ್ಚಿಲ್ಲ ಎಂದರು. ನಾನು ಕರಡಿಯನ್ನು ತೆಗೆದು ಕೌಂಟರಿನ ಮೇಲೆ ಬೋರಲು ಮಲಗಿಸಿ, ಅದರ ಪಕ್ಕಕ್ಕೆ ಮೊಬೈಲಿಟ್ಟು, ಅವರೇ ಕೇಳಿ ಕೇಳಿ ತೆಗೆಸಿದ ಫೋಟೋಗಳನ್ನು ಒಂದೊಂದಾಗಿ ಸರಿಸಿದೆ. ಇದು ಆವತ್ತಿನ ಬಾಲ, ಇದು ಇವತ್ತಿನ ಬಾಲ. ಇದು ಆವತ್ತಿನ ಕತ್ತು, ಇದು ಇವತ್ತಿನದು. ಇವನ್ನು ಸೈಟಿಗೆ ಕಳಿಸಿದರೆ ಅವರ ಖಾತೆ ಮುಚ್ಚುತ್ತದೆ, ಮುಂದೆ ಒಂದು ತಗಡಿನ ಇಲಿಯನ್ನೂ ಅಲ್ಲಿ ಕೊಳ್ಳುವ ಹಾಗಿಲ್ಲ ಎಂದು ವಿವರಿಸಿದೆ.

ಹಿಂದಿನ ಕೋಣೆಯ ಬಾಗಿಲು ತೆರೆದೇ ಇತ್ತು. ಗಾಜಿನ ಕಪಾಟುಗಳಲ್ಲಿ ತಗಡಿನ ರೈಲು, ದೋಣಿ, ಕೋಳಿ, ಬಡಗಿ, ಎಲ್ಲ ಸಾಲಾಗಿ ನಿಂತಿದ್ದವು. ನಾನು ಕೇಳದೆಯೇ ಒಳಗೆ ಹೋದೆ. ಗಾಜಿಗೆ ಉಸಿರು ತಾಗುತ್ತೆ, ಸ್ವಲ್ಪ ದೂರ ನಿಲ್ಲಿ ಎಂದು ಬೇಡುತ್ತಾ ಅವರೂ ಹಿಂದೆ ಬಂದರು. ನನ್ನ ಕಣ್ಣು ಹೋದದ್ದು ಆಟಿಕೆಗಳ ಕತ್ತಿಗೆ. ನಾಯಿಯ ಕತ್ತು, ಕೋಳಿಯ ಕತ್ತು, ಕುದುರೆಯ ಕತ್ತು. ಒಂದೊಂದರಲ್ಲೂ ಅರ್ಧ ಎತ್ತಿದ ಒಂದು ಕಿವಿ.

ಒಂದು ಕಪಾಟು ತುಂಬ ಅಕ್ಕನ ಬಾಗಿಲುಗಳು. ಗೋಡೆ ಹಿಡಿದುಕೊಂಡು ನಿಂತೆ.

"ಸರ್, ನನಗೆ ಜಗಳ ಬೇಡ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ದುಡ್ಡು ನಿಮಗೆ ವಾಪಸ್ ಬರುತ್ತೆ, ದೂರು ಮುಚ್ಚಿಹೋಗುತ್ತೆ. ಇವನ್ನ ಮುಚ್ಚಿದವರು ಯಾರು ಅಂತ ಹೇಳಿ. ಅಷ್ಟು ಸಾಕು."

"ನಿಮಗೆ ಯಾಕೆ ಅದು?"

ಹಳೆಯ ಫೋಟೋ ತೆಗೆದು ಅವರ ಕೈಗಿತ್ತೆ. ಅಂಗಡಿಯ ಮೇಜಿನ ಮುಂದೆ ಸ್ಟೂಲಿನ ಮೇಲೆ ಕೂತ ಅಕ್ಕ. ಎಡಗೈಯಲ್ಲಿ ಇಕ್ಕಳ. ಮುಖ ಬಗ್ಗಿಸಿದ್ದಾಳೆ, ಕೂದಲು ಹಣೆಗೆ ಬಿದ್ದಿದೆ. ಯಾರೋ ಕರೆದಾಗ ಇನ್ನೇನು ತಲೆ ಎತ್ತಬೇಕು ಅನ್ನುವಷ್ಟರಲ್ಲಿ ತೆಗೆದದ್ದು.

ಅವರು ಕನ್ನಡಕ ಮೇಲೆತ್ತಿ, ಫೋಟೋವನ್ನು ಮೂಗಿನ ಹತ್ತಿರ ಹಿಡಿದು, ಓರೆ ಮಾಡಿ, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅಭ್ಯಾಸಬಲದಿಂದ ಕೇಳಿದರು.

"ಮತ್ತೊಂದು ಫೋಟೋ ಇದೆಯಾ?"

"ಇಲ್ಲ ಸರ್," ಎಂದೆ. "ಇರೋದು ಇದೊಂದೇ."

ಅವರಿಗೆ ತಾವು ಆಡಿದ ಮಾತು ಚುಚ್ಚಿರಬೇಕು. ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ಬಹಳ ಹೊತ್ತು ಆ ಫೋಟೋವನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

ಮುಖ ಸರಿಯಾಗಿ ಕಾಣುವುದಿಲ್ಲ, ಆದರೆ ಈ ಕೈ ನನಗೆ ಗೊತ್ತು ಎಂದರು. ಹಿಂದಿನ ಬೀದಿಯಲ್ಲಿ ಸಣ್ಣದೊಂದು ರಿಪೇರಿ ಅಂಗಡಿ ಇಟ್ಟುಕೊಂಡಿದ್ದಳಂತೆ. ಮಾತು ಕಡಿಮೆ. ಊರಿನಲ್ಲಿ ಯಾರೊಡನೆಯೂ ಬಳಕೆಯಿಲ್ಲ. ತನ್ನ ಮನೆ, ಊರು, ತಂದೆತಾಯಿ ಎಂದು ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಕಣ್ಣು ಮಂಜಾಗುತ್ತಿದೆ ಎಂದು ಬಂದಾಗ ಇವರೇ ಪರೀಕ್ಷೆ ಮಾಡಿ ಕನ್ನಡಕ ಕೊಟ್ಟರಂತೆ.

ಅಕ್ಕ ಕನ್ನಡಕ ಹಾಕುತ್ತಾಳೆ. ಆ ಸಣ್ಣ ಸಂಗತಿ ನನ್ನೆದೆಗೆ ಹೋಗಿ ನಾಟಿತು. ನನಗೆ ಗೊತ್ತಿಲ್ಲದ ಮುಖವೊಂದು ಅವಳಿಗಿದೆ, ಅದನ್ನು ಈ ಅಪರಿಚಿತ ಮನುಷ್ಯ ದಿನಾ ನೋಡಿದ್ದಾನೆ. ಹೊಟ್ಟೆಕಿಚ್ಚಾಯಿತು, ನಿಜ ಹೇಳುತ್ತೇನೆ.

"ಈ ಕರಡೀನ ನಾನು ಬಿಟ್ಟುಕೊಡೋ ಮನಸ್ಸಿನಲ್ಲಿ ಇರಲಿಲ್ಲ," ಎಂದರು ಅವರು. "ಓಡೋ ಹಾಗೆ ಮಾಡಿಕೊಡು ಅಂತ ಅವಳ ಮೇಜಿನ ಮೇಲಿಟ್ಟೆ. ಬಿಚ್ಚಿದಳು. ಒಳಗೆ ನೋಡಿದಳು. ಆಮೇಲೆ ಕೈಯೇ ಆಡಲಿಲ್ಲ ಅವಳಿಗೆ. ಏನಮ್ಮ ಅಂದೆ. ಇದನ್ನ ಮಾರಿದವರಿಗೇ ವಾಪಸ್ ಕಳಿಸಿಬಿಡಿ ಸರ್, ಆದರೆ ಓಡೋ ಹಾಗೆ ಮಾಡಿ ಕಳಿಸ್ತೀನಿ ಅಂದಳು."

"ದೂರು?"

"ಅದನ್ನೂ ಅವಳೇ ಹೇಳಿಕೊಟ್ಟಿದ್ದು. ಸ್ಪ್ರಿಂಗ್ ಗಡಿಯಾರದ್ದು ಅಂತ ಬರೀರಿ, ಅವರಿಗೆ ಅರ್ಥ ಆಗುತ್ತೆ ಅಂದಳು. ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಏನೂ ಕೇಳಿದವಳಲ್ಲ. ಹೇಗೆ ಇಲ್ಲ ಅನ್ನಲಿ?"

ಗಡಿಯಾರದ ಸ್ಪ್ರಿಂಗ್ ಅಪ್ಪ ಹಾಕಿದ್ದು. ಕರಡಿಗೆ ತಕ್ಕದ್ದು ಎಲ್ಲೂ ಸಿಗದೆ, ಹಳೆಯ ಅಲಾರಂ ಗಡಿಯಾರವೊಂದನ್ನು ಬಿಚ್ಚಿ ಅದರದ್ದನ್ನು ಕತ್ತರಿಸಿ ಕೂರಿಸಿದ್ದ. ಆಗ ಆ ಪಕ್ಕ ಈ ಪಕ್ಕ ನಿಂತು ದೀಪ ಹಿಡಿದವರು ನಾನು, ಅಕ್ಕ. ಅದು ನಮ್ಮ ಮೂವರ ಹೊರತು ಯಾರಿಗೂ ತಿಳಿದದ್ದಲ್ಲ.

ಆ ಮುರಿದ ಸ್ಪ್ರಿಂಗ್ ಎಲ್ಲಿ ಎಂದು ಕೇಳಿದೆ. ಅದೊಂದನ್ನು ನಾನು ಇಟ್ಟುಕೊಳ್ಳಲಾ ಎಂದು ಕೇಳಿ, ಕರವಸ್ತ್ರದಲ್ಲಿ ಸುತ್ತಿ ಇಟ್ಟುಕೊಂಡಳು ಎಂದರು.

ನಾನು ಎದ್ದೆ. ಅಂಗಡಿ ಎಲ್ಲಿದೆ, ಈಗಲೇ ತೋರಿಸಿ ಎಂದೆ. ಕಾಲು ಆಗಲೇ ಬಾಗಿಲ ಕಡೆಗೆ ತಿರುಗಿತ್ತು. ಅವರು ಮಾತ್ರ ಕೂತಲ್ಲಿಂದ ಅಲ್ಲಾಡಲಿಲ್ಲ.

"ಖಾಲಿ ಮಾಡಿದಳಮ್ಮ," ಎಂದರು. "ನಾನು ಡಬ್ಬ ಕಳಿಸಿದ ಮಾರನೇ ದಿನವೇ. ಎಲ್ಲಿಗೆ ಅಂತ ಹೇಳಲಿಲ್ಲ. ಕಳಿಸಿದವರನ್ನ ಹುಡುಕಿಕೊಂಡು ನನ್ನ ತಂಗಿ ಬರಬಹುದು, ಬಂದರೆ ಕೂರಿಸಿ ನೀರು ಕೊಡಿ ಅಂದಳು, ಅಷ್ಟೇ. ನಾನು ಅದನ್ನೂ ಮರೆತೆ ನೋಡಿ."

ಅವರು ನೀರು ತರಲು ಎದ್ದರು. ನಾನು ಬೇಡವೆಂದೆ. ಕೈಗೆ ಬಂದವಳು ಮತ್ತೆ ಜಾರಿದಳು. ಕರೆದದ್ದೂ ಅವಳೇ, ಓಡಿಹೋದದ್ದೂ ಅವಳೇ. ಇದೆಂಥ ಆಟ ಅಕ್ಕ, ನಾನೇನು ಮಾಡಿದ್ದೆ ನಿನಗೆ ಎಂದು ಆ ಕಪಾಟಿನ ಮುಂದೆ ನಿಂತು ಕೂಗಬೇಕೆನಿಸಿತು.

ಆದರೂ ಹುಡುಕುವ ಕಸುಬು ಬಿ‌ಡಲಿಲ್ಲ. ಒಂದು ಅಂಗಡಿ ಖಾಲಿ ಮಾಡುವುದೆಂದರೆ ಮೇಜು, ಕಪಾಟು, ಸಾಮಾನಿನ ಪೆಟ್ಟಿಗೆಗಳು ಇರುತ್ತವೆ. ಅವಳೊಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಗಾಡಿಯವರು ಯಾರು, ಹೊತ್ತವರು ಯಾರು ಎಂದು ಕೇಳಿದೆ.

"ಗಾಡಿ ಬಂದಿತ್ತು. ಹೊತ್ತು ಹಾಕಿದ್ದು ಅವಳ ಮಾವ," ಎಂದರು ಕನ್ನಡಕದವರು. "ಆಗಾಗ ಬಂದು ಅವಳನ್ನ ನೋಡಿಕೊಂಡು ಹೋಗ್ತಿದ್ದರು. ಒಳ್ಳೇ ಮನುಷ್ಯ."

ಮಾವ ಎಂದು ಯಾರನ್ನು ಬೇಕಾದರೂ ಕರೆಯಬಹುದು, ಅಂಗಡಿಯ ಪಕ್ಕದವರನ್ನೂ ಕರೆಯುತ್ತಾರೆ, ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅವರು ಗಾಳಿಗೆಂದು ಕಿಟಕಿ ತೆರೆದು, ಕೆಳಗೆ ನೋಡಿ, ಹಗುರಾಗಿ ಹೇಳಿದರು.

"ಅಗೋ, ಅಲ್ಲೇ ಇದ್ದಾರಲ್ಲ. ಚಹಾ ಅಂಗಡಿ ಬೆಂಚಿನ ಮೇಲೆ."

ಮೆಟ್ಟಿಲು ಹೇಗಿಳಿದೆನೋ ಗೊತ್ತಿಲ್ಲ. ಕಂಕುಳಲ್ಲಿ ಕರಡಿ ಇತ್ತು. ರಸ್ತೆ ದಾಟುವಾಗ ಸೈಕಲ್ಲಿನವನೊಬ್ಬ ಬೈದದ್ದು ಕೇಳಿಸಿತು. ಹೆಬ್ಬೆರಳು, ಔಷಧಿ ಅಂಗಡಿಯ ಓಣಿ, ಮಂಡಿನೋವು, ಆವತ್ತು ಸ್ಟೇಷನ್ನಿನಲ್ಲಿ ಬರೆದುಕೊಂಡ ದೂರು, ಎಲ್ಲವೂ ಒಟ್ಟಿಗೇ ತಲೆಯೊಳಗೆ ಬಂದು ಬಿದ್ದವು. ನಾನು ಗಾಳ ಹಾಕಿ ಕೂತ ಪ್ರತಿಯೊಂದು ದಿನವೂ ಈ ಮನುಷ್ಯ ನನ್ನ ಪಕ್ಕದಲ್ಲೇ ಕೂತಿದ್ದರು.

ಮಾವ ನನ್ನ ಮುಖ ನೋಡಿದರು. ಎದ್ದು ಓಡಲಿಲ್ಲ. ಲೋಟದ ಚಹಾ ಮುಟ್ಟದೆ ಕೆನೆಗಟ್ಟಿತ್ತು. ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟರು. ನಾನು ಕೂರಲಿಲ್ಲ.

"ಎಲ್ಲಿದ್ದಾಳೆ?" ಎಂದೆ.

"ಚೆನ್ನಾಗಿದ್ದಾಳೆ."

"ಎಲ್ಲಿ ಅಂತ ಕೇಳಿದೆ ಮಾವ."

ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಎಷ್ಟು ವಯಸ್ಸಾಗಿದೆ ಇವರಿಗೆ ಎಂದು ಆಗ ನನ್ನ ಕಣ್ಣಿಗೆ ಬಿತ್ತು. ಅಷ್ಟಾದರೂ ಕನಿಕರ ಬರಲಿಲ್ಲ.

"ನಿನ್ನ ಆಸೆ ನೋಡಿ ನೋಡಿ ಎಷ್ಟು ಸಲ ಹೇಳಿಬಿಡೋಣ ಅನ್ನಿಸಿದೆ ಗೊತ್ತಾ?" ಎಂದರು. "ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಮ್ಮ."

"ಅಕ್ಕನಿಗಾ?"

ಮಾವ ತಲೆಯಾಡಿಸಿದರು. ಇಲ್ಲ, ಇಲ್ಲ. ನನ್ನ ಕಂಕುಳಲ್ಲಿದ್ದ ಕರಡಿಯ ಹಾಗೆಯೇ.

"ಮತ್ತೆ ಯಾರಿಗೆ?"

ಅವರು ಬಾಯಿ ತೆರೆಯುವ ಮೊದಲೇ ನನ್ನ ಮೊಬೈಲು ಹೊಡೆದುಕೊಂಡಿತು. ಅಮ್ಮ. ಕತ್ತರಿಸಿಬಿಡೋಣ ಅಂದುಕೊಂಡೆ. ಆದರೆ ಅವಳಿಗೇನು ಗೊತ್ತು ಪಾಪ, ಕರಡಿಯ ಜಗಳ ಅಂತಷ್ಟೇ ಹೇಳಿ ಬಂದಿದ್ದೇವೆ, ಗಿರಾಕಿ ಏನಂದ ಎಂದು ಕೇಳಲು ಮಾಡಿರುತ್ತಾಳೆ ಎಂದುಕೊಂಡು ಕಿವಿಗಿಟ್ಟೆ.

ಪರದೆಯ ಮೇಲಿನ ಹೆಸರು ಮಾವನ ಕಣ್ಣಿಗೂ ಬಿದ್ದಿತ್ತು. ಮಾವ ಲೋಟ ಕೆಳಗಿಟ್ಟು ಮುಖವನ್ನು ಬೇರೆ ಕಡೆಗೆ ತಿರುಗಿಸಿಕೊಂಡರು.

"ಸಿಕ್ಕಳಾ?" ಎಂದಳು ಅಮ್ಮ.